ಯಾದವಗಿರಿಯ ಗೇಟು ಮುಚ್ಚಿದ ಮೇಲೆ

ಜಾವಾ ಓಡಿಸಿ ಗೊತ್ತಿಲ್ಲದವನಿಗೆ ಹಳೇ ಜಾವಾ ಕೊಟ್ಟು ಸ್ಟಾರ್ಟ್ ಮಾಡು ಎಂದರೆ ಮೊದಲು ಬಲಗಡೆ ಬಗ್ಗಿ ಕಿಕ್ಕರ್ ಹುಡುಕುತ್ತಾನೆ. ಅಲ್ಲಿ ಅದಿಲ್ಲ. ಎಡಗಡೆಯ ಗೇರ್ ಲಿವರನ್ನೇ ಒಳಕ್ಕೆ ಒತ್ತಿ, ಮೇಲಕ್ಕೆ ತಿರುಗಿಸಿಕೊಂಡು ತುಳಿಯಬೇಕು. ಎಂಜಿನ್ ಹತ್ತಿಕೊಂಡ ಮೇಲೆ ಅದು ಮತ್ತೆ ಗೇರ್ ಲಿವರ್. ಗೇರ್ ಬದಲಾಯಿಸುವಾಗ ಒಳಗಿನಿಂದ ಕ್ಲಚ್ಚನ್ನು ಬಿಡಿಸುವುದೂ ಅದೇ, ಹಾಗಾಗಿ ಕೈಯಲ್ಲಿ ಕ್ಲಚ್ ಹಿಡಿಯದೆಯೂ ಗಾಡಿ ನಡೆಯುತ್ತದೆ. ಒಂದು ತುಂಡು ಕಬ್ಬಿಣಕ್ಕೆ ಮೂರು ಕೆಲಸ. ಇರುವ ಒಂದೇ ಸಿಲಿಂಡರಿಗೆ ಎರಡೆರಡು ಸೈಲೆನ್ಸರ್ ಕೊಟ್ಟು ದುಂದು ಮಾಡಿದ ಎಂಜಿನಿಯರುಗಳು ಆ ಖರ್ಚನ್ನು ಇಲ್ಲಿ ಸರಿದೂಗಿಸಿರಬೇಕು!

ಈ ಗಾಡಿಯನ್ನು ಕಾರ್ ಶೆಡ್ಡಿನಲ್ಲೋ ಹಿತ್ತಿಲಲ್ಲೋ ಬಿಚ್ಚಿಕೊಂಡು ಕೂತವರು ಮೈಸೂರು, ಬೆಂಗಳೂರಿನಲ್ಲಿ ಇವತ್ತಿಗೂ ಸಿಗುತ್ತಾರೆ. ಬಹುಪಾಲು ಮಂದಿ ಮೆಕ್ಯಾನಿಕ್‌ಗಳಲ್ಲ. ಬ್ಯಾಂಕಿನವರು, ಸಾಫ್ಟ್‌ವೇರಿನವರು, ನಿವೃತ್ತ ಮೇಷ್ಟ್ರುಗಳು. ತಯಾರಿಸಿದ ಕಾರ್ಖಾನೆಯೇ ಇಲ್ಲದ ಬೈಕು ಹೀಗೆ ಮನೆಮನೆಯಲ್ಲಿ ಜೀವ ಪಡೆಯುವಂತಾದದ್ದು ಹೇಗೆ? ಆ ಕಾರ್ಖಾನೆ ಹುಟ್ಟಿದ ಕಥೆಗಿಂತ ಅದು ಮುಚ್ಚಿದ ಮೇಲಿನ ಕಥೆಯಲ್ಲೇ ಉತ್ತರ ಹೆಚ್ಚು ಇದೆ ಎಂದು ನನಗನ್ನಿಸುತ್ತದೆ.

ಹುಟ್ಟಿನ ಕಥೆ ಚಿಕ್ಕದು. 1929ರಲ್ಲಿ ಚೆಕೊಸ್ಲೊವಾಕಿಯಾದಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಶುರುಮಾಡಿದ ಕಂಪನಿ ಜಾವಾ. ಭಾರತಕ್ಕೆ ಸ್ವಾತಂತ್ರ್ಯ ಬಂದ ನಂತರ ಆಮದಿನ ಮೇಲೆ ಬಿಗಿ ಹೆಚ್ಚಿ, ಹೊರಗಿನಿಂದ ತರಿಸಿ ಮಾರುವುದಕ್ಕಿಂತ ಇಲ್ಲೇ ತಯಾರಿಸುವುದು ಅನಿವಾರ್ಯವಾಯಿತು. ರುಸ್ತುಂ ಮತ್ತು ಫರೂಖ್ ಇರಾನಿ 1960ರಲ್ಲಿ ಐಡಿಯಲ್ ಜಾವಾ ಕಂಪನಿ ಕಟ್ಟಿ, ಮೈಸೂರಿನ ಯಾದವಗಿರಿಯಲ್ಲಿ ಕಾರ್ಖಾನೆ ಹೂಡಿದರು. ಮರುವರ್ಷ ಅದನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್. ಚೆಕ್ ಪರವಾನಗಿಯಲ್ಲಿ ತಯಾರಾದ ಜಾವಾ 1973ರಲ್ಲಿ ಯೆಜ್ಡಿ ಎಂಬ ಹೆಸರು ಹೊತ್ತಿತು. ಆ ದಶಕದ ಕೊನೆಗೆ ರೋಡ್‌ಕಿಂಗ್ ಬಂತು. ಹೆಸರು ಬದಲಾದರೂ ಒಳಗಿನ ವಂಶ ಬದಲಾಗಲಿಲ್ಲ. ಎಪ್ಪತ್ತರ ದಶಕದ ಗಾಡಿಗೆ ಎಂಬತ್ತರ ದಶಕದ ಗಾಡಿಯಿಂದ ಸಾಮಾನು ಬಿಚ್ಚಿ ಹಾಕಬಹುದಾದ ಉದಾಹರಣೆಗಳು ಬೇಕಾದಷ್ಟಿವೆ. ಬೈಕು ಇಷ್ಟು ಕಾಲ ಬದಲಾಗದೆ ಉಳಿದದ್ದು ಕಂಪನಿಗೆ ಶಾಪವಾಯಿತು, ನಂತರ ಕೈಗೆ ಸ್ಪ್ಯಾನರ್ ಎತ್ತಿಕೊಂಡವರಿಗೆ ವರವಾಯಿತು.

ಶಾಪ ಫಲಿಸಿದ್ದು ಎಂಬತ್ತರ ದಶಕದಲ್ಲಿ. 1984–85ರ ಹೊತ್ತಿಗೆ ಜಪಾನಿ ಸಹಯೋಗದ 100 ಸಿಸಿ ಬೈಕುಗಳು ಒಂದರ ಹಿಂದೆ ಒಂದು ಬಂದವು. ಹೀರೊ ಹೊಂಡಾ ಸಿಡಿ 100 ಕೊಡುತ್ತಿದ್ದ ಮೈಲೇಜಿನ ಮುಂದೆ 250 ಸಿಸಿಯ ಟೂ ಸ್ಟ್ರೋಕ್ ನಿಲ್ಲುವಂತಿರಲಿಲ್ಲ. ಚುರುಕು ಬೇಕೆಂದವರಿಗೆ ಯಮಾಹಾ ಆರ್‌ಎಕ್ಸ್ 100 ಇತ್ತು. ಹೊಗೆಯ ನಿಯಮಗಳೂ ಬಿಗಿಯಾದವು. 1996ರಲ್ಲಿ ಯಾದವಗಿರಿಯ ಗೇಟು ಮುಚ್ಚಿತು. ಆಗ ಯೆಜ್ಡಿಗೆ ಬೆಲೆಯೇ ಇರಲಿಲ್ಲ. ಹಾಲಿನ ಕ್ಯಾನು ಹೊತ್ತವು, ತೋಟದ ಮನೆಯಲ್ಲಿ ನಿಂತು ಕೋಳಿಗಳ ಅಟ್ಟವಾದವು, ತೂಕದ ಲೆಕ್ಕದಲ್ಲಿ ಗುಜರಿಗೆ ಹೋದವು.

ಆದರೆ ಗೇಟಿನಿಂದ ಹೊರಗೆ ಬಂದ ಕೆಲಸಗಾರರ ಕೈಯಲ್ಲಿ ಆ ಎಂಜಿನ್ನಿನ ವಿದ್ಯೆ ಹಾಗೇ ಇತ್ತು. ಅವರಲ್ಲಿ ಕೆಲವರು ಮೈಸೂರಿನಲ್ಲೇ ಗ್ಯಾರೇಜು ತೆರೆದರು. ಕಂಪನಿ ಬದುಕಿದ್ದಾಗ ಶಾಪ್ ಫ್ಲೋರಿನೊಳಗೆ ಇದ್ದ ವಿದ್ಯೆ ಹೀಗೆ ಬೀದಿಗೆ ಬಂತು, ಅಲ್ಲಿಂದ ಹುಡುಗರ ಕೈಗೆ ದಾಟಿತು. ಡೀಲರುಗಳ ಅಟ್ಟದ ಮೇಲೆ ಉಳಿದ ಹಳೇ ಸ್ಟಾಕು ನಿಧಾನವಾಗಿ ಹೊರಬಂತು. ಅದು ತೀರುತ್ತ ಬಂದಂತೆ ಲೇತ್ ಇಟ್ಟುಕೊಂಡವರು ನಕಲು ಭಾಗಗಳನ್ನು ತಯಾರಿಸಿದರು. ಈ ನಕಲುಗಳಲ್ಲಿ ಒಳ್ಳೆಯವೂ ಇವೆ, ಅಳತೆಯೇ ಇಲ್ಲದವೂ ಇವೆ. ಬಿಡಿಭಾಗ ಕೊಳ್ಳಲು ಬೆಂಗಳೂರಿನ ಜೆ.ಸಿ. ರಸ್ತೆಗೆ ಹಳೆಯ ತುಂಡನ್ನು ಜೇಬಿನಲ್ಲಿಟ್ಟುಕೊಂಡೇ ಹೋಗುವುದು ಕ್ಷೇಮ. ಕಂಪನಿ ಇದ್ದಿದ್ದರೆ ಹೊಸ ಮಾಡೆಲ್ ಮಾರುವ ಭರದಲ್ಲಿ ಹಳೆಯದರ ಭಾಗಗಳನ್ನು ಅದೇ ನಿಲ್ಲಿಸಿಬಿಡುತ್ತಿತ್ತೇನೊ.

ಇನ್ನು ಕೆಲಸದ ವಿಷಯ. ಈ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ವಾಲ್ವ್ ಇಲ್ಲ, ಕ್ಯಾಮ್‌ಶಾಫ್ಟ್ ಇಲ್ಲ, ಟೈಮಿಂಗ್ ಚೈನ್ ಇಲ್ಲ. ಹೆಡ್ ಬಿಚ್ಚಿ ಸಿಲಿಂಡರನ್ನು ಮೇಲಕ್ಕೆತ್ತಿದರೆ ಪಿಸ್ಟನ್ ಕಣ್ಣೆದುರಿಗೆ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಅದು ಜಾಮ್ ಆಗಿರುತ್ತದೆ. ಲಿವರ್ ಮೇಲೆ ನಿಂತು ಕುಣಿಯುವುದು, ಸುತ್ತಿಗೆಯಲ್ಲಿ ಬಡಿಯುವುದು ಎರಡೂ ಬೇಡ. ಪ್ಲಗ್ಗಿನ ತೂತಿನಿಂದ ಡೀಸೆಲ್ಲೊ ತುಕ್ಕು ಬಿಡಿಸುವ ಎಣ್ಣೆಯೊ ಸುರಿದು ಕೆಲವು ದಿನ ಬಿಟ್ಟರೆ ಎಷ್ಟೋ ಸಲ ತಾನೇ ಸಡಿಲುತ್ತದೆ. 65 ಮಿ.ಮೀ. ಬೋರು ಸವೆದಿದ್ದರೆ ಓವರ್‌ಸೈಜ್ ಪಿಸ್ಟನ್ ತಂದು, ಆ ಪಿಸ್ಟನ್ನಿಗೆ ತಕ್ಕಂತೆ ಬೋರ್ ಮಾಡಿಸಬೇಕು. ಮೊದಲೇ ಬೋರ್ ಮಾಡಿಸಿ ಆಮೇಲೆ ಪಿಸ್ಟನ್ ಹುಡುಕಬಾರದು. ಪಿಸ್ಟನ್ ತಲೆಯ ಮೇಲಿನ ಬಾಣದ ಗುರುತು ಸೈಲೆನ್ಸರ್ ಕಡೆಗೆ ಇರಬೇಕು. ತಿರುವುಮುರುವಾದರೆ ರಿಂಗಿನ ತುದಿ ಪೋರ್ಟಿಗೆ ಸಿಕ್ಕಿ ಮುರಿಯುತ್ತದೆ.

ಕ್ರ್ಯಾಂಕಿನ ಹತ್ತಿರ ಮನೆಯಲ್ಲಿ ಮಾಡುವ ಕೆಲಸ ನಿಲ್ಲುತ್ತದೆ. ಅದು ಪ್ರೆಸ್ಸಿನಲ್ಲಿ ಒತ್ತಿ ಕೂಡಿಸಿದ ವಸ್ತು. ಕನೆಕ್ಟಿಂಗ್ ರಾಡ್ ಬದಲಾಯಿಸಿ ಸಮ ಮಾಡಲು ಪ್ರೆಸ್ಸು, ಡಯಲ್ ಗೇಜು, ಅನುಭವ ಮೂರೂ ಬೇಕು. ಆದರೆ ಆಯಿಲ್ ಸೀಲ್‌ಗಳ ರೋಗವನ್ನು ಯಾರು ಬೇಕಾದರೂ ಗುರುತಿಸಬಹುದು. ಕ್ಲಚ್ ಕಡೆಯ ಸೀಲ್ ಹೋಗಿದ್ದರೆ ಎಂಜಿನ್ ಗೇರ್‌ಬಾಕ್ಸಿನ ಎಣ್ಣೆ ಹೀರಿ ಬಿಳಿ ಹೊಗೆ ಉಗುಳುತ್ತದೆ. ಡೈನಮೊ ಕಡೆಯದು ಹೋಗಿದ್ದರೆ ಗಾಳಿ ಎಳೆದುಕೊಂಡು, ಆಕ್ಸಿಲರೇಟರ್ ಬಿಟ್ಟರೂ ಆರ್‌ಪಿಎಂ ಇಳಿಯದೆ ಎಂಜಿನ್ ಕಾಯುತ್ತದೆ. ಕಾರ್ಬುರೇಟರಿಗೆ ಸುಮ್ಮನೆ ಬೈಯುವ ಮೊದಲು ಇವೆರಡನ್ನು ನೋಡಬೇಕು. ಇನ್ನು ಇಗ್ನಿಷನ್. ಅದರ ಪಾಯಿಂಟ್ಸ್ ಬಿಡಿಸಿಕೊಳ್ಳುವ ಕ್ಷಣ ಹಿಡಿಯಲು ಹಳೇ ಮೆಕ್ಯಾನಿಕ್‌ಗಳು ಸಿಗರೇಟ್ ಪ್ಯಾಕಿನ ತೆಳು ಹಾಳೆಯನ್ನು ನಡುವೆ ಸಿಕ್ಕಿಸಿ ಮೆಲ್ಲಗೆ ಎಳೆಯುತ್ತಿದ್ದರು. ಹಾಳೆ ಸಡಿಲವಾದ ಗಳಿಗೆಯೇ ಟೈಮಿಂಗ್. ದುಬಾರಿ ಮೀಟರು ಇಲ್ಲದವರಿಗೆ ಈಗಲೂ ಇದೇ ಸಾಕು.

ಪೆಟ್ರೋಲಿಗೆ ಎಣ್ಣೆ ಬೆರೆಸುವ ಶಿಸ್ತು ಈ ಗಾಡಿಯ ಪ್ರಾಣ. 25ಕ್ಕೆ 1 ಎಂದರೆ ಲೀಟರಿಗೆ 40 ಮಿ.ಲೀ. ಪಿಸ್ಟನ್ನಿಗೆ ಎಣ್ಣೆ ತಲುಪುವುದೇ ಪೆಟ್ರೋಲಿನ ಜೊತೆಗೆ. ಆಗುಂಬೆಯನ್ನೋ ಚಾರ್ಮಾಡಿಯನ್ನೋ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗೇರಿನಲ್ಲೇ ಉದ್ದಕ್ಕೂ ಇಳಿದರೆ ಎಂಜಿನ್ ತಿರುಗುತ್ತಲೇ ಇರುತ್ತದೆ, ಎಣ್ಣೆ ಮಾತ್ರ ಹೋಗುವುದಿಲ್ಲ. ನಡುನಡುವೆ ಆಕ್ಸಿಲರೇಟರ್ ತುಸು ತಿರುವುತ್ತ ಇಳಿಯುವುದನ್ನು ಹಿಂದಿನವರು ರೂಢಿ ಮಾಡಿಕೊಂಡಿದ್ದರು. ಈಗಿನ ಹೊಸ ತಲೆನೋವು ಎಥೆನಾಲ್. ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲು ಗಾಳಿಯ ತೇವ ಹೀರುತ್ತದೆ, ಹಳೇ ರಬ್ಬರನ್ನು ಮೆತ್ತಗಾಗಿಸುತ್ತದೆ. ಪೆಟ್ರೋಲ್ ಪೈಪು, ವಾಷರುಗಳನ್ನು ಹೊಸ ಬಗೆಯವಕ್ಕೆ ಬದಲಾಯಿಸಬೇಕು. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕು, ಕಾರ್ಬುರೇಟರ್ ಎರಡನ್ನೂ ಖಾಲಿ ಮಾಡಬೇಕು.

ಬಣ್ಣದ ವಿಷಯದಲ್ಲಿ ನನ್ನದೊಂದು ತಕರಾರಿದೆ. ಮರೂನ್ ಬಣ್ಣ, ಟ್ಯಾಂಕಿನ ಪಕ್ಕದ ಕ್ರೋಮು, ಕೈಯಲ್ಲೇ ಎಳೆದ ಬಂಗಾರದ ಗೆರೆ, ಇವು ಮಾಸಿದ್ದರೂ ಉಳಿದಿದ್ದರೆ ಉಜ್ಜಿ ತೆಗೆಯಬೇಡಿ. ಎಲ್ಲಕ್ಕೂ ಕ್ರೋಮ್ ಹೊಡೆಸಿದ ಗಾಡಿಗಳು ಮದುವೆ ಮಂಟಪದ ಕುರ್ಚಿಯಂತೆ ಕಾಣುತ್ತವೆ, ಕಾರ್ಖಾನೆಯಿಂದ ಯಾವ ಜಾವಾವೂ ಹಾಗೆ ಹೊರಬಂದಿರಲಿಲ್ಲ. ಹೆಚ್ಚಿನವರು ಬಣ್ಣದಿಂದ ಶುರುಮಾಡಿ ಎಂಜಿನ್ನಿಗೆ ಬರುವ ಹೊತ್ತಿಗೆ ದುಡ್ಡು ಮುಗಿಸಿಕೊಂಡಿರುತ್ತಾರೆ.

2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳು ಹೊಸ ಫೋರ್ ಸ್ಟ್ರೋಕ್ ಬೈಕುಗಳ ಮೇಲೆ ಮರಳಿದವು. ಆ ಹೆಸರುಗಳತ್ತ ಜನ ಮತ್ತೆ ತಿರುಗಿ ನೋಡಿದರು, ಆದರೆ ಹಳೆಯವಕ್ಕೆ ಗೌರವ ಅದಕ್ಕೂ ಎಷ್ಟೋ ಮೊದಲೇ ಬಂದಿತ್ತು. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ಪ್ರಿಯರು ಗಾಡಿಗಳ ಜೊತೆ ಸೇರುವ ಪದ್ಧತಿ ಹೊಸ ಬೈಕುಗಳಿಗಿಂತ ಹಿರಿಯದು.

ಕಾನೂನು ಈಚೆಗೆ ಇವರ ಕಡೆ ನೋಡಿದೆ. 2021ರ ಕೇಂದ್ರ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪದಲ್ಲೇ ಇರುವ ದ್ವಿಚಕ್ರ ವಾಹನವನ್ನೂ ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, 10 ವರ್ಷ ಮಾನ್ಯತೆ. ಆದರೆ ಆ ಗಾಡಿಯಲ್ಲಿ ದಿನವೂ ಆಫೀಸಿಗೆ ಹೋಗುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲು, ರಿಪೇರಿಗಷ್ಟೇ ರಸ್ತೆಗೆ ಇಳಿಸಬಹುದು. ಓಡಿಸಬೇಕೆನ್ನುವವರಿಗೆ ಮಾಮೂಲಿ ಆರ್‌ಸಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳುವ ದಾರಿಯೇ ಮೇಲು.

ನಿಮ್ಮ ಊರಿನ ಮನೆಯಲ್ಲಿ ಅಪ್ಪನದೊ ತಾತನದೊ ಗಾಡಿ ನಿಂತಿದ್ದರೆ ಸ್ಪ್ಯಾನರ್ ಹಿಡಿಯುವ ಮೊದಲು ಹಳೇ ಟ್ರಂಕು, ಬೀರುಗಳಲ್ಲಿ ಆರ್‌ಸಿ ಬುಕ್ ಹುಡುಕಿ. ಅದರಲ್ಲಿರುವ ಎಂಜಿನ್, ಚಾಸಿ ನಂಬರುಗಳನ್ನು ಗಾಡಿಯ ಮೇಲಿನವುಗಳ ಜೊತೆ ತಾಳೆ ನೋಡಿ. ಗಾಡಿ ತೀರಿಹೋದವರ ಹೆಸರಲ್ಲಿದ್ದರೆ ವಾರಸುದಾರರ ಒಪ್ಪಿಗೆ ಪಡೆದು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಪಿಸ್ಟನ್ನು, ರಿಂಗು, ಸೀಲು ಇವತ್ತಲ್ಲ ನಾಳೆ ಸಿಗುತ್ತವೆ. ಕಾಗದ ಕಳೆದರೆ ಆರ್‌ಟಿಒ ಮೆಟ್ಟಿಲು ಹತ್ತಿಳಿಯುವುದರಲ್ಲೇ ಉತ್ಸಾಹ ಇಂಗಿಹೋಗುತ್ತದೆ.