ಆಟದ ಹಲಗೆಯಲ್ಲಿ ಚೇತರಿಕೆಯ ಅಳತೆ

ಪ್ರತಿ ವರ್ಷ ಫೆಬ್ರವರಿ 11ರಂದು, ವಿಶ್ವ ರೋಗಿಗಳ ದಿನದ ಬಲಿಪೂಜೆಯಲ್ಲಿ, ಪಾರ್ಶ್ವವಾಯುವಿಗೆ ಒಳಗಾದವರು, ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾದವರು ಮುಂದಿನ ಬೆಂಚುಗಳಲ್ಲಿ ಕುಳಿತಿರುವುದನ್ನು ನಾವು ಕಾಣುತ್ತೇವೆ. ಶುಭಸಂದೇಶ ವಾಚನಕ್ಕೆ ಎಲ್ಲರೂ ನಿಂತಾಗ ಅವರೂ ಬೆಂಚು ಹಿಡಿದು ಮೆಲ್ಲನೆ ಏಳುತ್ತಾರೆ. ಹೇಗಿದ್ದೀರಿ ಎಂದು ವಿಚಾರಿಸಿದರೆ "ಸ್ವಲ್ಪ ಪರವಾಗಿಲ್ಲ" ಎಂಬ ಉತ್ತರ. ಈ ಸ್ವಲ್ಪ ಎಂದರೆ ಎಷ್ಟು?

ಫಿಸಿಯೋಥೆರಪಿಯವರ ಬಳಿ ಬರ್ಗ್ ಮಾಪಕ ಎಂಬ ಪರೀಕ್ಷೆ ಇದೆ. ಏಳುವುದು, ತಿರುಗುವುದು, ಒಂಟಿ ಕಾಲಲ್ಲಿ ನಿಲ್ಲುವುದು ಹೀಗೆ 14 ಕೆಲಸಗಳು, ಒಟ್ಟು 56 ಅಂಕ. ಒಳ್ಳೆಯ ಪರೀಕ್ಷೆಯೇ. ಆದರೆ ಸಣ್ಣಪುಟ್ಟ ಸುಧಾರಣೆ ಇದರಲ್ಲಿ ಸುಲಭವಾಗಿ ಕಾಣದು. ಅದನ್ನು ಹಿಡಿಯಬಲ್ಲ ಪ್ರಯೋಗಾಲಯದ ಯಂತ್ರಕ್ಕೆ ಲಕ್ಷಗಟ್ಟಲೆ ಬೆಲೆ.

ಇಂಥಲ್ಲಿ ನೆರವಿಗೆ ಬಂದದ್ದು ಮಕ್ಕಳ ಆಟದ ಸಾಮಾನು ಎಂದರೆ ಆಶ್ಚರ್ಯವಾದೀತು. ಜಪಾನಿನ ನಿಂಟೆಂಡೊ ಕಂಪೆನಿ 2007ರ ಡಿಸೆಂಬರಿನಲ್ಲಿ ವೀ ಫಿಟ್ ಆಟದೊಂದಿಗೆ ಒಂದು ಹಲಗೆಯನ್ನು ಮಾರುಕಟ್ಟೆಗೆ ತಂದಿತು. ನೋಡಲು ತೂಕದ ಯಂತ್ರದಂತೆಯೇ. ಆದರೆ ಇದರ ನಾಲ್ಕು ಮೂಲೆಗಳಲ್ಲಿ ನಾಲ್ಕು ಸಂವೇದಕಗಳಿವೆ. ಯಾವ ಮೂಲೆಗೆ ಎಷ್ಟು ಭಾರ ಬಿತ್ತೆಂದು ತಿಳಿದರೆ ದೇಹದ ಒತ್ತಡದ ಕೇಂದ್ರಬಿಂದು ಎಲ್ಲಿದೆ ಎಂದು ಲೆಕ್ಕ ಹಾಕಬಹುದು. ನಾವು ಅಲುಗಾಡದೆ ನಿಂತಿದ್ದೇವೆಂದು ಭಾವಿಸಿದಾಗಲೂ ಈ ಬಿಂದು ಅತ್ತಿತ್ತ ಚಲಿಸುತ್ತಲೇ ಇರುತ್ತದೆ. ಅರ್ಧ ನಿಮಿಷದಲ್ಲಿ ಅದು ಕ್ರಮಿಸಿದ ದೂರ ಕಡಿಮೆಯಾದಷ್ಟೂ ಸಾಮಾನ್ಯವಾಗಿ ನಿಲುವು ಸ್ಥಿರವೆಂದು ಅರ್ಥ. ಕಣ್ಣು ಮುಚ್ಚಿದರೆ ದೂರ ಹೆಚ್ಚುತ್ತದೆ.

ಇನ್ನೊಂದು ಉಪಯೋಗ ನಮಗೆ ಹೆಚ್ಚು ಮುಖ್ಯವೆನಿಸುತ್ತದೆ. 60 ಕಿಲೋ ತೂಕದ ವ್ಯಕ್ತಿ ಪಾರ್ಶ್ವವಾಯುವಿನ ಬಳಿಕ ಗಟ್ಟಿ ಕಾಲಿನ ಮೇಲೆ 40, ಸೋತ ಕಾಲಿನ ಮೇಲೆ 20 ಕಿಲೋ ಹಾಕಿ ನಿಲ್ಲುತ್ತಾರೆ ಎನ್ನೋಣ. ಕೆಲವು ವಾರಗಳ ವ್ಯಾಯಾಮದ ನಂತರ ಅದು 33 ಮತ್ತು 27 ಆದರೆ, ಕಣ್ಣಿಗೆ ಕಾಣದ ಪ್ರಗತಿಯನ್ನು ಅಂಕಿಯೇ ಹೇಳುತ್ತದೆ. ನಿರಾಶರಾದ ರೋಗಿಗೆ ಇದೇನು ಸಣ್ಣ ಸಮಾಧಾನವೇ?

ಆಸ್ಟ್ರೇಲಿಯಾದ ಮೆಲ್ಬೋರ್ನ್‌ನಲ್ಲಿ ರಾಸ್ ಕ್ಲಾರ್ಕ್ ಮತ್ತು ಸಂಗಡಿಗರು ಈ ಹಲಗೆಯನ್ನು ಪ್ರಯೋಗಾಲಯದ ದುಬಾರಿ ಯಂತ್ರದೊಂದಿಗೆ ಹೋಲಿಸಿ, ನಿಂತ ಸಮತೋಲನವನ್ನು ನಂಬಬಹುದಾದ ರೀತಿಯಲ್ಲಿ ಅಳೆಯುತ್ತದೆ ಎಂದು 2010ರಲ್ಲಿ ಪ್ರಕಟಿಸಿದರು. ಅವರು ಪರೀಕ್ಷಿಸಿದ್ದು ಕಾಲಿನ ತೊಂದರೆಯಿಲ್ಲದ 30 ಮಂದಿಯನ್ನು ಎಂಬುದನ್ನೂ ಹೇಳಬೇಕು. ರೋಗಿಗಳ ಮೇಲಿನ ಅಧ್ಯಯನಗಳು ಆಮೇಲೆ ಬಂದವು.

ಇಲ್ಲೊಂದು ತಪ್ಪು ತಿಳುವಳಿಕೆ ಬೇಡ. ಪರದೆಯ ಮೇಲೆ ಆಟ ಕೊಡುವ ಅಂಕ ಚೇತರಿಕೆಯ ಅಳತೆಯಲ್ಲ. ಆಡುತ್ತಾ ಆಡುತ್ತಾ ಆಟದ ಉಪಾಯ ಕೈವಶವಾಗಿ ಅಂಕ ಏರುತ್ತದೆ, ಕಾಲು ಮಾತ್ರ ಮೊದಲಿನಂತೆಯೇ ಇರಬಹುದು. ಸಂಶೋಧಕರು ಆಟವನ್ನು ಬದಿಗಿಟ್ಟು, ಹಲಗೆಯನ್ನು ಬ್ಲೂಟೂತ್ ಮೂಲಕ ಕಂಪ್ಯೂಟರಿಗೆ ಜೋಡಿಸಿ ಸಂವೇದಕಗಳ ಅಂಕಿಗಳನ್ನೇ ನೇರವಾಗಿ ಪಡೆದರು. ಹಲಗೆ ಕೆಳಮುಖವಾದ ಭಾರವನ್ನಷ್ಟೇ ಅರಿಯುತ್ತದೆ, ಪಕ್ಕಕ್ಕೆ ತಳ್ಳುವ ಬಲವನ್ನಲ್ಲ. ಆದ್ದರಿಂದ ನಡಿಗೆಯ ಪೂರ್ಣ ಪರೀಕ್ಷೆ ಇದರಿಂದಾಗದು.

ವೀ ಯಂತ್ರದ ತಯಾರಿಕೆ 2013ರಲ್ಲೇ ನಿಂತಿತು. ಆದರೂ ವಿದೇಶದಿಂದ ಮಕ್ಕಳು ತಂದ ಹಲಗೆ ಯಾರದಾದರೂ ಮನೆಯ ಅಟ್ಟದಲ್ಲಿ ಇದ್ದೀತು. ಎಸೆಯುವ ಮೊದಲು ನಿಮ್ಮ ಫಿಸಿಯೋಥೆರಪಿಸ್ಟರಲ್ಲಿ ಒಮ್ಮೆ ಕೇಳಿ. ಬಳಸುವುದಾದರೆ ಗಟ್ಟಿ ನೆಲದ ಮೇಲಿಟ್ಟು, ಬರಿಗಾಲಲ್ಲಿ, ಪ್ರತಿ ಸಲವೂ ಪಾದಗಳನ್ನು ಒಂದೇ ಜಾಗದಲ್ಲಿರಿಸಿ ಅಳೆಯಬೇಕು. ಹಲಗೆಯ ಎತ್ತರ ಐದು ಸೆಂಟಿಮೀಟರಿನಷ್ಟೇ. ಆದರೆ ಸೋತ ಕಾಲಿಗೆ ಅದೂ ಒಂದು ಮೆಟ್ಟಿಲು, ಹತ್ತುವಾಗಲೂ ಇಳಿಯುವಾಗಲೂ ಪಕ್ಕದಲ್ಲಿ ಒಬ್ಬರು ನಿಂತಿರಲಿ.