ಗಾದಿಯ ಮೇಲೊಂದು ರಬ್ಬರಿನ ಪದರು

ಬೆಳಿಗ್ಗೆ ಏಳುವಾಗ ಸೊಂಟ ಹಿಡಿದುಕೊಂಡಿರುತ್ತದೆ, ನಾಲ್ಕು ಹೆಜ್ಜೆ ಅಡ್ಡಾಡಿದ ಮೇಲೆ ಸಡಿಲಾಗುತ್ತದೆ. ಹೀಗೆ ಹೇಳಿಕೊಂಡವರಿಗೆ ನಮ್ಮ ಗದಗ-ಬೆಟಗೇರಿ ಕಡೆ ಮನೆಯ ಹಿರಿಯರು ಕೊಡುವ ಸಲಹೆ ಒಂದೇ: ‘ಗಾದಿ ಬಿಡು, ಬರೇ ನೆಲದ ಮ್ಯಾಲ ಮಲಗು.’ ಹಲಗೆಯ ಮೇಲೆ ಮಲಗಲು ಹೇಳುತ್ತಿದ್ದ ವೈದ್ಯರೂ ಇದ್ದರು. ಈ ಸಲಹೆಯನ್ನು ಈಗ ತಿದ್ದಿಕೊಳ್ಳಬೇಕಾಗಿದೆ. ಬಹುದಿನದ ಸೊಂಟನೋವಿದ್ದ 313 ಜನರ ಮೇಲೆ ಸ್ಪೇನ್ ದೇಶದಲ್ಲಿ ನಡೆದ ಅಧ್ಯಯನವೊಂದು 2003ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಗಟ್ಟಿ ಹಾಸಿಗೆಯವರಿಗಿಂತ ಮಧ್ಯಮ ಗಟ್ಟಿಯ ಹಾಸಿಗೆಯಲ್ಲಿ ಮಲಗಿದವರಿಗೆ 90 ದಿನಗಳಲ್ಲಿ ಹೆಚ್ಚು ಆರಾಮವೆನಿಸಿತ್ತು.

ಕಾರಣ ಸರಳ. ಮಗ್ಗುಲಾಗಿ ಮಲಗಿದಾಗ ಭುಜ ಮತ್ತು ಟೊಂಕ ಸ್ವಲ್ಪ ಒಳಗೆ ಇಳಿಯಬೇಕು. ಆಗಲೇ ಬೆನ್ನುಹುರಿ ನೇರವಾಗಿರುತ್ತದೆ. ಕಲ್ಲಿನ ನೆಲ ಇಳಿಯಗೊಡುವುದಿಲ್ಲ. ಜೋತುಬಿದ್ದ ಹಳೆಯ ಗಾದಿ ಇಡೀ ಮೈಯನ್ನೇ ಇಳಿಸಿಬಿಡುತ್ತದೆ. ಕೆಳಗೆ ಬಿಗಿ, ಮೇಲೆ ಮೆದು ಇರುವ ಪದರುಗಳ ಹಾಸಿಗೆಯನ್ನು ನೀವು ಮನೆಯಲ್ಲೇ ಹೊಂದಿಸಿಕೊಳ್ಳಬಹುದು.

ಕೆಳಗಿನ ಪದರು ನಮ್ಮ ಹತ್ತಿಯ ಗಾದಿಯೇ ಆಗಲಿ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಎರೆಹೊಲಗಳು ಹತ್ತಿ ಬೆಳೆದ ಹೊಲಗಳು. ಆದರೆ ಉದ್ದ ಎಳೆಯ ಒಳ್ಳೆಯ ಹತ್ತಿ ಗಿರಣಿಗೆ ಹೋಗುತ್ತದೆ, ಗಾದಿಯೊಳಗೆ ಎಷ್ಟೋ ಸಲ ಗಿರಣಿಯ ಕಸರು ಸೇರುತ್ತದೆ. ಗಾದಿಗೆ ಉದ್ದ ಎಳೆಯ ಅಗತ್ಯವೇನೂ ಇಲ್ಲ. ಮೋಟು ಎಳೆಯ ಒರಟು ದೇಶಿ ಅರಳೆ ಬೇಗ ಅಪ್ಪಚ್ಚಿಯಾಗದು. ಆರಡಿ ಉದ್ದ, ಮೂರಡಿ ಅಗಲದ ಗಾದಿಗೆ ಸುಮಾರು 8ರಿಂದ 10 ಕಿಲೊ ಅರಳೆ ಬೇಕು. ನಿಮ್ಮ ಕಣ್ಣೆದುರೇ ತೂಕ ಮಾಡಿಸಿ ತುಂಬಿಸಿರಿ. ಅಲ್ಲಲ್ಲಿ ದಾರದ ಟಾಕು ಒತ್ತೊತ್ತಾಗಿ ಬಿದ್ದರೆ ಅರಳೆ ಒಂದೇ ಕಡೆ ಸರಿಯುವುದಿಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಬಿಚ್ಚಿಸಿ ಪಿಂಜಿಸಬೇಕು. ಪಿಂಜಾರರ ಬಿಲ್ಲಿನ ಟಂಯ್‌ಗುಟ್ಟುವ ನಾದ ಈಗ ಅಪರೂಪ, ಯಂತ್ರ ಬಂದಿದೆ. ದೂಳು ಮಾತ್ರ ಹಾಗೆಯೇ ಇದೆ. ಪಿಂಜುವಾಗ ದಮ್ಮಿನ ರೋಗಿಗಳು, ಮಕ್ಕಳು ದೂರವಿರಲಿ. ಪಿಂಜುವವರೂ ಮೂಗು-ಬಾಯಿಗೆ ಬಟ್ಟೆ ಕಟ್ಟಿಕೊಳ್ಳಲಿ. ಹತ್ತಿಯ ದೂಳು ವರ್ಷಗಟ್ಟಲೆ ಒಳಹೊಕ್ಕರೆ ಶ್ವಾಸಕೋಶ ಕೆಡುತ್ತದೆ.

ಅದರ ಮೇಲೆ ಎರಡಂಗುಲ ದಪ್ಪದ ಲ್ಯಾಟೆಕ್ಸ್ ಹಾಳೆ. ಇದು ರಬ್ಬರ್ ಮರದ ಹಾಲನ್ನು ನೊರೆ ಬರಿಸಿ, ಅಚ್ಚಿನಲ್ಲಿ ಕಾಯಿಸಿ ಮಾಡಿದ್ದು. ಕೇರಳದಲ್ಲಿ, ನಮ್ಮ ಸುಳ್ಯ-ಪುತ್ತೂರು ಕಡೆ ಈ ಮರದ ತೋಟಗಳಿವೆ. ಅಂಗಡಿಯಲ್ಲಿ ಇದರ ಹೆಸರಿನಲ್ಲಿ ಸಾದಾ ಫೋಮ್ ಕೊಡುವುದುಂಟು. ಎತ್ತಿ ನೋಡಿರಿ: ಈ ಅಳತೆಯ ಅಸಲಿ ಹಾಳೆ ಆರೇಳು ಕಿಲೊ ತೂಗುತ್ತದೆ, ಫೋಮ್ ಹಗುರ. ಒತ್ತಿ ಬಿಟ್ಟರೆ ಲ್ಯಾಟೆಕ್ಸ್ ತಟ್ಟನೆ ಪುಟಿಯುತ್ತದೆ. ರಬ್ಬರ್ ಕೈಗವಸು ಅಥವಾ ಪುಗ್ಗ ಮುಟ್ಟಿದರೆ ಮೈ ತುರಿಸುವವರು ಇದರ ಗೊಡವೆಗೆ ಹೋಗಬಾರದು. ಅಂಥವರಿಗೆ ಎರಡು ದಪ್ಪ ಕೌದಿಗಳೇ ಸಾಕು.

ಈ ಪದರುಗಳನ್ನು ಒಂದಕ್ಕೊಂದು ಹೊಲಿಯಬೇಡಿರಿ, ಅಂಟಿಸಲೂಬೇಡಿರಿ. ಗಾದಿಗೆ ಬಿಸಿಲು ಬೇಕು. ಮಾಳಿಗೆಯ ಮೇಲೆ ಹಾಕಿ ಒಣಗಿಸಿದರೆ ತೇವ ಹೋಗುತ್ತದೆ, ತೇವ ಹೋದರೆ ದೂಳಿನ ಹುಳುಗಳ ಕಾಟ ತಗ್ಗುತ್ತದೆ. ಲ್ಯಾಟೆಕ್ಸಿಗೆ ಅದೇ ಬಿಸಿಲು ಶತ್ರು. ಕೆಲವೇ ದಿನಗಳಲ್ಲಿ ಹಳದಿಗಟ್ಟಿ ಪುಡಿಪುಡಿಯಾಗಿ ಉದುರುತ್ತದೆ. ಅದನ್ನು ದಪ್ಪ ಹತ್ತಿಬಟ್ಟೆಯ ಗವಸಿನಲ್ಲಿಟ್ಟು ನೆರಳಿನಲ್ಲೇ ಗಾಳಿಗಿಡಿ, ನೀರಿಗೆ ಹಾಕಬೇಡಿ. ಮಡಚದೆ ಸುತ್ತಿ ಎತ್ತಿರಿ.

ಎಲ್ಲಕ್ಕೂ ಮೇಲೆ ಹಳೆಯ ಸೀರೆ-ಧೋತರಗಳ ಮೆತ್ತನೆಯ ಕೌದಿ. ಇದು ಬೆವರು ಹೀರುತ್ತದೆ, ಬಿಸಿನೀರಿನಲ್ಲಿ ಒಗೆಯಲೂ ಬರುತ್ತದೆ. ಮೇಲುಹಾಸನ್ನು ವಾರಕ್ಕೊಮ್ಮೆ ಒಗೆದರೆ ಕೌದಿಗೆ ತಿಂಗಳಿಗೊಮ್ಮೆ ಸಾಕು. ನೆಲದ ಮೇಲೆ ಹಾಸುವವರು ಮಳೆಗಾಲದಲ್ಲಿ ದಿನಾ ಹಾಸಿಗೆ ಎತ್ತಲೇಬೇಕು, ಇಲ್ಲವಾದರೆ ತಳ ಬೂಸುಗಟ್ಟುತ್ತದೆ.

ಹಾಸಿಗೆ ಹೊಂದಿತೋ ಇಲ್ಲವೋ ನೋಡಲು ಅಂಗಾತ ಮಲಗಿ ಸೊಂಟದ ಕೆಳಗೆ ಅಂಗೈ ತೂರಿಸಿರಿ. ಕೈ ಸಲೀಸಾಗಿ ಓಡಾಡಿದರೆ ಹಾಸಿಗೆ ಬಿರುಸು, ಕೌದಿ ಸೇರಿಸಿ. ತೂರಿಸಲು ಆಗದೇ ಹೋದರೆ ತೀರ ಮೆದು, ಗಾದಿ ಪಿಂಜಿಸಿ. ತುಸು ಬಿಗಿಯಾಗಿ ಹೋದರೆ ಸರಿ.

ಕೂಸುಗಳಿಗೆ ಈ ಮೆದು ಪದರು ಬೇಡವೇ ಬೇಡ. ಒಂದು ವರ್ಷದೊಳಗಿನ ಕೂಸು ಬಿಗಿಯಾದ ಸಮತಟ್ಟು ಹಾಸಿಗೆಯಲ್ಲಿ ಅಂಗಾತ ಮಲಗಬೇಕು. ಮೆದುವಿನಲ್ಲಿ ಮುಖ ಹುದುಗಿದರೆ ಉಸಿರು ಕಟ್ಟುತ್ತದೆ. ಹಾಸಿಗೆ ಹಿಡಿದ ಹಿರಿಯರಿಗೆ ಲ್ಯಾಟೆಕ್ಸ್ ಹಾಕಿದೆವೆಂದು ನಿಶ್ಚಿಂತೆಯಿಂದ ಇರಬೇಡಿ, ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ.

ಹಾಸಿಗೆ ಬದಲಿಸಿ ತಿಂಗಳಾದರೂ ನೋವು ಹೋಗದಿದ್ದರೆ ವೈದ್ಯರನ್ನು ಕಾಣಿರಿ. ಹರೆಯದವರಲ್ಲಿ ಬೆಳಗಿನ ಬಿಗಿತ ಅರ್ಧ ತಾಸಿಗಿಂತ ಹೆಚ್ಚು ಹೊತ್ತು ಇದ್ದು ಮೂರು ತಿಂಗಳು ಮುಂದುವರಿದರೆ ಅದು ಬೆನ್ನಿನ ಕೀಲುವಾತ ಇರಬಹುದು. ಕಾಲು ಜೋಮು ಹಿಡಿದು ಬಲ ಕಳೆದುಕೊಂಡರೆ, ಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಿರಿ.