ಪನೋರಮಾ ಜೋಡಣೆ: ಮೆಮೊರಿ ಸಾಲದಾದಾಗ ಮಾಡಬೇಕಾದುದೇನು?

ಕೆಂಗೇರಿ: ಕೆರೆಯ ಏರಿಯ ಮೇಲೆ ನಿಂತು ಎಡದಿಂದ ಬಲಕ್ಕೆ ತಿರುಗುತ್ತ ಎಂಟು ಛಾಯಾಚಿತ್ರ ತೆಗೆದವರು, ಅವುಗಳನ್ನು ಒಂದೇ ಅಗಲ ಚಿತ್ರವಾಗಿ ಜೋಡಿಸಲು ಕುಳಿತಾಗ ಗಣಕಯಂತ್ರ ನಡುವೆಯೇ 'ಮೆಮೊರಿ ಸಾಲದು' ಎಂದು ಕೈಚೆಲ್ಲುವುದುಂಟು. ಎಂಟೂ ಚಿತ್ರಗಳು ಸೇರಿ 40 ಮೆಗಾಬೈಟ್ ಕೂಡ ಇಲ್ಲದಿರುವಾಗ ಹೀಗೇಕೆ ಎಂಬ ಪ್ರಶ್ನೆ ಸಹಜ.

ಉತ್ತರವಿರುವುದು ಕ್ಯಾನ್ವಾಸಿನ ಅಳತೆಯಲ್ಲಿ. ಜೆಪೆಗ್ ಎಂಬುದು ಕುಗ್ಗಿಸಿಟ್ಟ ಕಡತ. ಜೋಡಣೆಯ ವೇಳೆ ಅದು ಪೂರ್ಣವಾಗಿ ಬಿಚ್ಚಿಕೊಳ್ಳುತ್ತದೆ. ಜೋಡಿಸಿದ ಚಿತ್ರ 17,000 ಬಿಂದು ಅಗಲ, 4,000 ಬಿಂದು ಎತ್ತರವಿದ್ದರೆ ಒಟ್ಟು 6.8 ಕೋಟಿ ಬಿಂದುಗಳಾದವು. ಮೂರು ಬಣ್ಣ ಹಾಗೂ ಪಾರದರ್ಶಕತೆಗೆ ಪ್ರತಿ ಬಿಂದುವಿಗೆ 4 ಬೈಟ್‌ನಂತೆ ಒಂದು ಪದರಕ್ಕೆ 272 ಮೆಗಾಬೈಟ್ ಬೇಕು. ಎಂಟು ಪೂರ್ಣ ಪದರಗಳಿಗೆ ಸುಮಾರು 2.2 ಗಿಗಾಬೈಟ್!

ಹ್ಯೂಗಿನ್ ಎಂಬ ಮುಕ್ತ ತಂತ್ರಾಂಶದೊಡನೆ ಬಳಕೆಯಾಗುವ ಆದೇಶ ಸಾಲಿನ ಸಾಧನಗಳಲ್ಲಿ 'ನೋನಾ' ಪ್ರತಿ ಚಿತ್ರವನ್ನು ಬಾಗಿಸಿ ಕ್ಯಾನ್ವಾಸಿನ ಮೇಲೆ ಕೂರಿಸುತ್ತದೆ. 'ಎನ್‌ಬ್ಲೆಂಡ್' ಅವುಗಳ ಅಂಚನ್ನು ಬೆಸೆಯುತ್ತದೆ. ಆದ್ದರಿಂದ ನಿಂತದ್ದು ಯಾವುದೆಂದು ಮೊದಲು ನೋಡಬೇಕು. ಎರಡನೆಯದಾದರೆ ನೋನಾ ಸಿದ್ಧಪಡಿಸಿದ ಪದರಗಳು ಡಿಸ್ಕಿನಲ್ಲೇ ಇರುತ್ತವೆ. ಕೆಲಸವನ್ನು ಮೊದಲಿನಿಂದ ಆರಂಭಿಸಬೇಕಿಲ್ಲ.

ಎರಡನೆಯದಾಗಿ, ಕ್ಯಾನ್ವಾಸಿನ ಅಳತೆ ಪರಿಶೀಲಿಸಬೇಕು. ನೀರಿನ ಅಲೆ, ಚಲಿಸುವ ಮೋಡಗಳ ಮೇಲೆ ಬಿದ್ದ ಹೊಂದಾಣಿಕೆ ಬಿಂದುಗಳಿಂದ ಒಂದು ಚಿತ್ರ ದಾರಿ ತಪ್ಪಿದರೂ ಕ್ಯಾನ್ವಾಸ್ ಹಲವು ಪಟ್ಟು ಹಿಗ್ಗುತ್ತದೆ. ಅಂಥ ಬಿಂದುಗಳನ್ನು ತೆಗೆದು, ದಡ ಮತ್ತು ಕಟ್ಟಡಗಳ ಮೇಲಿನವನ್ನಷ್ಟೇ ಉಳಿಸಿ ಮತ್ತೆ ಲೆಕ್ಕ ಹಾಕಿಸುವುದು ಲೇಸು.

ಬಳಿಕ, ಪದರಗಳನ್ನು ಖಾಲಿ ಅಂಚು ಕತ್ತರಿಸಿ ಬರೆಯುವಂತೆ ನೋನಾಗೆ ಸೂಚಿಸಬೇಕು. ಅಷ್ಟೂ ಸಾಲದಿದ್ದರೆ ಕ್ಯಾನ್ವಾಸನ್ನು ಶೇ. 50ಕ್ಕೆ ಇಳಿಸಬಹುದು, ಅಗಲ, ಎತ್ತರ ಎರಡೂ ಅರ್ಧವಾಗುವುದರಿಂದ ಬಿಂದುಗಳ ಸಂಖ್ಯೆ ಕಾಲು ಭಾಗಕ್ಕೆ ಬರುತ್ತದೆ.

ಹಳೆಯ 32 ಬಿಟ್ ತಂತ್ರಾಂಶ ಒಮ್ಮೆಗೆ 4 ಗಿಗಾಬೈಟ್‌ಗಿಂತ ಹೆಚ್ಚಿನ ಮೆಮೊರಿಯನ್ನು ಬಳಸಲಾರದು. ಯಂತ್ರದಲ್ಲಿ ಎಷ್ಟೇ ಮೆಮೊರಿ ಇದ್ದರೂ 64 ಬಿಟ್ ಆವೃತ್ತಿಯೇ ಬೇಕು. ಲಿನಕ್ಸ್‌ನಲ್ಲಿ ಕಾರಣ ಹೇಳದೆ 'ಕಿಲ್ಡ್' ಎಂದಷ್ಟೇ ಕಾಣಿಸಿದರೆ ಬಹುತೇಕ ಮೆಮೊರಿ ಮುಗಿದಿದೆ ಎಂದರ್ಥ. ಡಿಸ್ಕಿನಲ್ಲಿ ಸ್ವಾಪ್ ಜಾಗ ಹೆಚ್ಚಿಸಿದರೆ ಕೆಲಸ ನಿಧಾನವಾದರೂ ಮುಗಿದೀತು.

ಏನೇ ಆದರೂ ಮೂಲ ಚಿತ್ರಗಳನ್ನು ಅಳಿಸಬಾರದು. ಕೆಂಗೇರಿಗೆ ಮೆಟ್ರೊ ಬಂದದ್ದು 2021ರ ಆಗಸ್ಟ್‌ನಲ್ಲಿ. ಅದಕ್ಕೂ ಮೊದಲಿನ ಊರಿನ ನೋಟ ಯಾರದಾದರೂ ಡಿಸ್ಕಿನಲ್ಲಿ ಬಿಡಿಬಿಡಿಯಾಗಿ ಉಳಿದಿದ್ದರೆ, ಇಂದು ಸೋತ ಜೋಡಣೆ ನಾಳೆ ದೊಡ್ಡ ಯಂತ್ರದಲ್ಲಿ ಗೆದ್ದೀತು. ಆ ನೋಟವನ್ನು ಮಾತ್ರ ಮತ್ತೆ ಸೆರೆಹಿಡಿಯಲಾಗದು.